ಬೀಜದಕ್ಕನ ನೇರಳೆ ಹೂ

ಬೆಳಗಿನ ಐದೂಮುಕ್ಕಾಲು. ಸಸ್ಯೋದ್ಯಾನದ ಹಿಂಬದಿಯ ಗಾಜಿನ ಮನೆ ಇನ್ನೂ ಅರೆನಿದ್ದೆಯಲ್ಲಿದೆ. ಒಳಗಿನ ಬಿಸಿಯುಸಿರು ಗಾಜಿಗೆ ಹತ್ತಿ ಹನಿಗಟ್ಟಿದೆ. ಒಂದು ಹನಿ ಇನ್ನೊಂದನ್ನು ಕೂಡಿಕೊಂಡು ಸರ್ರನೆ ಕೆಳಗಿಳಿಯುತ್ತದೆ. ಬಾಗಿಲ ಹೊರಗೆ, ನಲ್ಲಿಯ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಎರಡು ಬೋಗುಣಿಗಳಿವೆ. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಹಾಲು. ಐವತ್ತೆಂಟರ ಹೆಂಗಸೊಬ್ಬರು ತೋಳು ಮಡಚಿ ಮೊಣಕೈವರೆಗೆ ಸೋಪಿನಲ್ಲಿ ಉಜ್ಜಿ ತೊಳೆಯುತ್ತಾರೆ. ಆಮೇಲೆ ಹತ್ತೂ ಬೆರಳನ್ನು ಹಾಲಿನಲ್ಲಿ ಅದ್ದಿ ಮನಸ್ಸಿನಲ್ಲೇ ಅರವತ್ತು ಎಣಿಸುತ್ತಾರೆ. ಎಣಿಕೆ ಮುಗಿಯುವ ತನಕ ಯಾರು ಕರೆದರೂ ಓಗೊಡುವುದಿಲ್ಲ.

"ನಲವತ್ತೈದಕ್ಕೇ ಕೈ ತೆಗೆದ್ರೂ ಗಿಡಕ್ಕೇನೂ ಗೊತ್ತಾಗಲ್ಲ. ನನಗೆ ಗೊತ್ತಾಗುತ್ತಲ್ಲ," ಎನ್ನುತ್ತಾ ಬೆರಳು ಒರೆಸಿಕೊಳ್ಳುತ್ತಾರೆ.

ಉದ್ಯಾನದಲ್ಲಿ ಇವರನ್ನು ಕರೆಯುವುದು ಬೀಜದಕ್ಕ ಎಂದೇ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಅದನ್ನು ಕೂಗಿದರೆ ಇವರೇ ಅತ್ತಿತ್ತ ನೋಡುತ್ತಾರೆ, ಬೇರೆ ಯಾರನ್ನೋ ಕರೆದರೆಂಬಂತೆ.

ಬಾಗಿಲು ತೆರೆದರೆ ಮೊದಲು ಎದುರಾಗುವುದು ವಾಸನೆ: ಹಸಿ ಮಣ್ಣು, ಒದ್ದೆ ಮರಳು, ಅದರ ಮೇಲೆ ಟೊಮೇಟೊ ಎಲೆ ಉಜ್ಜಿದಾಗ ಬರುವಂಥ ಒಗರು. ಆಮೇಲೆ ಬಣ್ಣ. ಮಂದ ಬೆಳಕಿನಲ್ಲಿ ಮೂರು ಉದ್ದನೆಯ ಮೇಜುಗಳು, ನಲವತ್ತೆಂಟು ಕುಂಡಗಳು. ಕುಂಡದ ಅಂಚು ದಾಟಿ ಇಳಿಬಿದ್ದ ಸಪೂರ ಕೊಂಬೆಗಳ ತುಂಬ ಎರಡು ಬೆರಳಗಲದ ಹೂಗಳು. ನೇರಳೆ ಎನ್ನೋಣವೆಂದರೆ ಅದರೊಳಗೆ ಗುಲಾಬಿಯ ಒಂದು ಮಿಂಚಿದೆ. ಗುಲಾಬಿ ಎನ್ನಲು ಹೋದರೆ ಹೂವಿನ ಗಂಟಲಲ್ಲಿ ಮಸಿ ಚೆಲ್ಲಿದಂತೆ ಕಪ್ಪಾಗಿದೆ. ಬಿಸಿಲೇರುತ್ತಿದ್ದಂತೆ ಗಾಜಿನ ಮೇಲಿನ ಹನಿಹನಿಯಲ್ಲೂ ಒಂದೊಂದು ನೇರಳೆ ಚುಕ್ಕಿ ಮೂಡುತ್ತದೆ. ಕಣ್ಣು ತೆರೆದುಕೊಂಡೇ ಕನಸು ಕಂಡಂತಾಗುವ ಹೊತ್ತು ಅದು. ಹತ್ತು ನಿಮಿಷ ಇದ್ದು ಹೋಗುತ್ತದೆ.

ಇದು ಕಾಡು ಪೆಟೂನಿಯ. ಮನೆಗಳ ಮುಂದೆ, ಕಚೇರಿಗಳ ಮೆಟ್ಟಿಲ ಮೇಲೆ ನಾವು ನೋಡುವ ಅಂಗೈಯಗಲದ, ಪಟ್ಟೆಪಟ್ಟೆಯ ಪೆಟೂನಿಯ ಇದರ ವಂಶದ ದೂರದ ಮೊಮ್ಮಗಳು. ಸುಮಾರು ಇನ್ನೂರು ವರ್ಷಗಳ ಹಿಂದೆ ತೋಟಗಾರರು ಈ ನೇರಳೆಯನ್ನೂ, ಸಂಜೆಯಾದ ಮೇಲೆ ಕಂಪು ಬೀರುವ ಬಿಳಿಯ ಇನ್ನೊಂದು ಕಾಡು ಜಾತಿಯನ್ನೂ ಕೂಡಿಸಿ ಅದನ್ನು ಹುಟ್ಟಿಸಿದರು. ಮೊಮ್ಮಗಳು ಊರೆಲ್ಲ ಮೆರೆದಳು. ಅಜ್ಜಿಯನ್ನು ಕೇಳುವವರು ಕಡಿಮೆ. ಅಜ್ಜಿಯ ಎಲೆ ಅಂಟಂಟು. ಸಣ್ಣ ಹುಳಗಳು ಅದಕ್ಕೆ ಸಿಕ್ಕಿಕೊಂಡು ಒದ್ದಾಡುತ್ತವೆ. ಮೈತುಂಬ ನವಿರು ರೋಮ. ಕೊಂಬೆ ನೆಲ ಮುಟ್ಟಿದಲ್ಲೆಲ್ಲ ಬೇರು ಬಿಟ್ಟು ಮುಂದೆ ಹರಿಯುತ್ತದೆ. ಕೇಸರದ ಪುಡಿಯಲ್ಲಿ ನೀಲಿಯ ಛಾಯೆ ಇದೆ. ಬೀಜವಂತೂ ಅದರ ಮುಂದೆ ಗಸಗಸೆಯೇ ದೊಡ್ಡದು ಅನ್ನಿಸುವಷ್ಟು ಚಿಕ್ಕದು. ಒಂದು ಗ್ರಾಮಿಗೆ ಹತ್ತಿರ ಹತ್ತಿರ ಹತ್ತು ಸಾವಿರ.

"ಬಿತ್ತುವಾಗ ಉಸಿರು ಬಿಗಿ ಹಿಡೀಬೇಕು. ಒಂದ್ಸಲ ಸೀನಿಬಿಟ್ಟೆ, ಅರ್ಧ ವರ್ಷದ ಕೆಲಸ ಹಾರಿ ಗೋಡೆಗೆ ಅಂಟ್ತು," ಎಂದು ಬೀಜದಕ್ಕ ನಗುತ್ತಾರೆ. ಬಿತ್ತುವುದು ಎಂದರೆ ಉದುರಿಸುವುದು ಅಷ್ಟೆ. ಮೇಲೆ ಮಣ್ಣು ಮುಚ್ಚುವಂತಿಲ್ಲ, ಬೆಳಕು ಕಾಣದೆ ಈ ಬೀಜ ಕಣ್ಣು ಬಿಡುವುದಿಲ್ಲ. ಮುಕ್ಕಾಲು ಪಾಲು ಮರಳು ಬೆರೆಸಿದ ಮಣ್ಣು, ಮಂಜಿನಂತೆ ಸಿಂಪಡಿಸಿದ ನೀರು, ಮೇಲೊಂದು ಗಾಜಿನ ಹಲಗೆ. ಎಂಟು ಹತ್ತು ದಿನಕ್ಕೆ ಮಣ್ಣಿನ ಮೇಲೆ ಹಸಿರು ಧೂಳು ಕೂತಂತೆ ಕಾಣುತ್ತದೆ. ಬಾವಿಯ ನೀರು ಗಡುಸು, ಅದನ್ನು ಹಾಕಿದರೆ ಎಲೆ ಹಳದಿಗೆ ತಿರುಗುತ್ತದೆ ಎಂದು ಮಳೆನೀರನ್ನೇ ಡ್ರಮ್ಮುಗಳಲ್ಲಿ ಹಿಡಿದಿಡುತ್ತಾರೆ. ಗೊಬ್ಬರ ಹೆಚ್ಚಾದರೆ ಎಲೆ ಕೊಬ್ಬುತ್ತದೆ, ಹೂ ಮುನಿಯುತ್ತದೆ. "ಹಸಿವಿನಲ್ಲಿ ಬೆಳೆದ ಗಿಡ ಇದು. ಜಾಸ್ತಿ ಉಪಚಾರ ಮಾಡಿದ್ರೆ ಇದಕ್ಕೆ ಮುಜುಗರ," ಅನ್ನುವುದು ಅವರ ಮಾತು.

ಮೂವತ್ತೊಂದು ವರ್ಷಗಳ ಹಿಂದೆ ಬೀಜದಕ್ಕ ಇಲ್ಲಿಗೆ ಬಂದದ್ದು ಗುಡಿಸುವ ಕೆಲಸಕ್ಕೆ. ನಾದಿನಿಗೆ ಹುಷಾರಿಲ್ಲದ ಒಂದು ವಾರ ಅವಳ ಬದಲಿಗೆಂದು ಬಂದವರು ನಿಂತೇಬಿಟ್ಟರು. ಆಗಿದ್ದ ಹಿರಿಯ ತೋಟಗಾರ ಮಹಾ ಸಿಡುಕ. ಅವರ ಮೇಜಿನ ಹತ್ತಿರ ಸುಳಿಯಲು ಆಳುಗಳೆಲ್ಲ ಹೆದರುತ್ತಿದ್ದರು. ಇವರು ಪೊರಕೆ ಹಿಡಿದು ಹೋದವರು ಮೇಜಿನ ಕೆಳಗೆ ಬಿದ್ದಿದ್ದ ಒಂದು ಒಣಕಾಯಿಯನ್ನು ಎತ್ತಿ ಕಾಗದದ ಮೇಲೆ ಇಟ್ಟರು. ಕಾಯಿ ಒಡೆದು ಬೀಜ ಚೆಲ್ಲಿತ್ತು. ಗುಡಿಸದೆ, ನೆಲಕ್ಕೆ ಬಾಗಿ, ಒದ್ದೆ ಬೆರಳಿನ ತುದಿಯಿಂದ ಒಂದೊಂದೇ ಬೀಜ ಎತ್ತಿದರು. ಮುದುಕ ಹಿಂದೆ ನಿಂತು ನೋಡುತ್ತಲೇ ಇದ್ದರಂತೆ. ಮಾರನೆಯ ದಿನ ಪೊರಕೆಯನ್ನು ಬೇರೆಯವರ ಕೈಗೆ ಕೊಡಿಸಿದರು.

"ಬೀಜ ಎತ್ತೋಕೆ ಬಂದ್ರೆ ಬಿತ್ತೋಕೂ ಬರುತ್ತೆ ಅಂದ್ರು. ಅವತ್ತಿಂದ ಬೈಗುಳ ತಿಂದೇ ಕಲಿತೆ."

ಈ ನೇರಳೆ ಗಿಡಗಳ ಕತೆಯನ್ನು ಅವರಿಗೆ ಹೇಳಿದ್ದೂ ಆ ಮುದುಕರೇ. ಸಮುದ್ರದಾಚೆಯ ಒಂದು ದೇಶದ ನದಿದಂಡೆಯಲ್ಲಿ, ಕಲ್ಲುಸಂದಿಯಲ್ಲಿ ಬೆಳೆಯುತ್ತಿದ್ದ ಗಿಡದಿಂದ ಒಬ್ಬ ಪ್ರವಾಸಿ ಸಸ್ಯವಿಜ್ಞಾನಿ ಕೊಯ್ದು ಕಳಿಸಿದ ಒಂದು ಚಿಟಿಕೆ ಬೀಜ. ಆಮೇಲೆ ಆ ನದಿಗೆ ಅಣೆಕಟ್ಟು ಬಂತು. ದಂಡೆ ಮುಳುಗಿತು, ಕಲ್ಲುಸಂದಿಯೂ ಮುಳುಗಿತು. ಕಾಡು ಪೆಟೂನಿಯ ಬೇರೆ ಕಡೆ ಇದೆ. ಆ ದಂಡೆಯದು, ಅಷ್ಟು ಗಾಢ ಗಂಟಲಿನದು, ಈ ಗಾಜಿನ ಮನೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿಲ್ಲ.

ಹನ್ನೊಂದು ವರ್ಷಗಳ ಹಿಂದೆ ಇಲ್ಲಿಯೂ ಇಲ್ಲವಾಗುವುದರಲ್ಲಿತ್ತು.

ಅದನ್ನು ಹೇಳಬೇಕಾದರೆ ಅವರ ಮನೆಯ ಅಡುಗೆಕೋಣೆಯಿಂದ ಶುರುಮಾಡಬೇಕು. ಬೀಜದಕ್ಕನ ಗಂಡ ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರದ ಮೇಲಿದ್ದವರು. ಮದುವೆಯಾದ ಎಂಟನೇ ವರ್ಷ ಯಂತ್ರ ಅವರ ಬಲಗೈಯ ಎರಡು ಬೆರಳನ್ನು ತೆಗೆದುಕೊಂಡಿತು. ಅಂಗಿಯ ಗುಂಡಿ, ಚಪ್ಪಲಿಯ ಪಟ್ಟಿ ಎಲ್ಲವನ್ನೂ ಅವರು ಉಳಿದ ಬೆರಳಿಗೆ ಕಲಿಸಿದರು. ಒಂದು ಮಾತ್ರ ಒಲಿಯಲಿಲ್ಲ. ಬಿಡಿ ತಂಬಾಕನ್ನು ತೆಳು ಕಾಗದದಲ್ಲಿ ಸುತ್ತಿಕೊಂಡು ಸೇದುವುದು ಅವರ ರೂಢಿ, ಆ ಸುತ್ತುವುದು ಕೈಲಾಗದೆ ಹೋಯಿತು. ಹಾಗಾಗಿ ದಿನಾ ಬೆಳಗ್ಗೆ ಕಾಫಿಯ ಲೋಟಗಳ ನಡುವೆ ತಂಬಾಕಿನ ಡಬ್ಬಿ ಇಟ್ಟುಕೊಂಡು ಬೀಜದಕ್ಕ ಹತ್ತು ಸಿಗರೇಟು ಸುತ್ತಿಕೊಡುತ್ತಿದ್ದರು. ಕಾಲು ಗಂಟೆಯ ಕೆಲಸ. ಮನೆಯ ಸುಖದುಃಖದ ಮಾತೆಲ್ಲ ಆ ಕಾಲು ಗಂಟೆಯಲ್ಲೇ ಮುಗಿಯುತ್ತಿತ್ತು. ಸುತ್ತಿ ಮುಗಿಸಿ, ಸೆರಗಿಗೋ ಟವೆಲಿಗೋ ಕೈ ಒರೆಸಿ, ನೇರ ಗಾಜಿನ ಮನೆಗೆ.

ಆ ವರ್ಷ ಬೇಸಿಗೆಯ ಕೊನೆಗೆ ಒಂದು ಗಿಡದ ಎಲೆಯ ಮೇಲೆ ತಿಳಿ ಮಚ್ಚೆ ಕಂಡಿತು. ವಾರದಲ್ಲಿ ಆರು ಗಿಡ. ಎಲೆ ಮುರುಟಿತು, ಹೂವಿನ ನೇರಳೆ ಒಡೆದು ಬಿಳಿ ಗೀರು ಬಿತ್ತು. ಮೂರು ವಾರ ಕಳೆಯುವಷ್ಟರಲ್ಲಿ ಅರವತ್ತನಾಲ್ಕು ಕುಂಡಗಳಲ್ಲಿ ಅರವತ್ತಮೂರಕ್ಕೆ ರೋಗ. ಉದ್ಯಾನದ ಸಸ್ಯವಿಜ್ಞಾನಿ ಮೇಡಂ ಪರೀಕ್ಷೆ ಮಾಡಿಸಿ, ಆಳುಗಳನ್ನೆಲ್ಲ ಸೇರಿಸಿ ಹೇಳಿದರು: ಇದು ತಂಬಾಕಿನ ಗಿಡಕ್ಕೆ ಬರುವ ನಂಜುರೋಗ, ವೈರಸ್ಸಿನದು. ತಂಬಾಕು, ಟೊಮೇಟೊ, ಪೆಟೂನಿಯ ಎಲ್ಲ ಒಂದೇ ಕುಟುಂಬ. ಈ ನಂಜು ಎಲ್ಲ ತಂಬಾಕಿನಲ್ಲೂ ಇರುವುದಿಲ್ಲ, ಇದ್ದರೆ ಒಣಗಿಸಿದ ಎಲೆಯಲ್ಲೂ ವರ್ಷಗಟ್ಟಲೆ ಬದುಕಿರುತ್ತದೆ, ಕೈಯಿಂದ ಗಿಡಕ್ಕೆ ದಾಟುತ್ತದೆ. ಔಷಧ ಇಲ್ಲ. ಕಿತ್ತು ಸುಡಬೇಕು.

"ನಿಮ್ಮಲ್ಲಿ ಯಾರು ಸಿಗರೇಟು ಸೇದ್ತೀರಿ?" ಎಂದು ಮೇಡಂ ಕೇಳಿದಾಗ ಕೈ ಎತ್ತಿದವನು ಕಾವಲುಗಾರನೊಬ್ಬನೇ. ಗಾಜಿನ ಮನೆಯ ಬಾಗಿಲ ಹತ್ತಿರ ನಿಂತು ಸೇದುವ ಅಭ್ಯಾಸ ಅವನಿಗಿತ್ತು. ಅವನನ್ನು ಉದ್ಯಾನದ ಮುಂಬಾಗಿಲ ಕಡೆಗೆ ಹಾಕಿದರು. ಎದುರು ಸಿಕ್ಕವರೆಲ್ಲ ಅವನಿಗೆ ಒಂದು ಮಾತು ಅಂದೇ ಮುಂದೆ ಹೋಗುತ್ತಿದ್ದರು.

ಬೀಜದಕ್ಕ ಸೇದುವವರಲ್ಲ, ಕೇಳಿದ ಪ್ರಶ್ನೆ ಅವರಿಗಲ್ಲ. ಆದರೆ ಗಿಡಗಳನ್ನು ಕಿತ್ತು ಚೀಲಕ್ಕೆ ತುಂಬುವಾಗ ಅವರ ಕಣ್ಣು ಮತ್ತೆ ಮತ್ತೆ ಮೇಲೆ ಹೋಗುತ್ತಿತ್ತು. ಗೋಡೆಯ ಎತ್ತರದ ಹಲಗೆಯ ಮೇಲೆ ಆ ಅರವತ್ತನಾಲ್ಕನೇ ಕುಂಡ ಎಲೆ ಮಿರಿಮಿರಿ ಮಿಂಚಿಸಿಕೊಂಡು ಕೂತಿತ್ತು. ಅದು ಯಾಕೆ ಉಳಿಯಿತು? ಗಾಳಿ ಅದೇ, ಮಣ್ಣು ಅದೇ, ನೀರು ಅದೇ. ಅಷ್ಟು ಎತ್ತರಕ್ಕೆ ಕೈ ನಿಲುಕದು ಎಂದು ಅದಕ್ಕೆ ಕೆಳಗಿನಿಂದಲೇ ಪೈಪಿನಲ್ಲಿ ನೀರು ಹಾರಿಸುತ್ತಿದ್ದರು. ಇಡೀ ಗಾಜಿನ ಮನೆಯಲ್ಲಿ ಅವರ ಬೆರಳು ತಾಗದ ಗಿಡ ಅದೊಂದೇ.

"ಚೀಲ ಅಲ್ಲೇ ಬಿಟ್ಟು ಕೂತುಬಿಟ್ಟೆ. ಕೈ ಮೂಸಿ ನೋಡ್ಕೊಂಡೆ. ಬೆಳಗ್ಗೆ ಸುತ್ತಿದ ತಂಬಾಕಿನ ವಾಸನೆ ಮಧ್ಯಾಹ್ನವೂ ಇತ್ತು," ಎಂದು ಈಗ ಹೇಳುವಾಗಲೂ ಅವರ ಬೆರಳುಗಳು ತಾವಾಗಿ ಮುದುಡುತ್ತವೆ.

ಯಾರಿಗೂ ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಮೇಡಂ ಕೋಣೆಯ ಬಾಗಿಲಲ್ಲಿ ನಿಂತರು.

"ಮೇಡಂ, ಕಾಯಿಲೆ ತಂದದ್ದು ನಾನು."

ಮೇಡಂ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದರು. "ನೀವು ಸೇದ್ತೀರಾ?"

"ಸೇದಲ್ಲ. ಮನೆಯವರಿಗೆ ಸುತ್ತಿಕೊಡ್ತೀನಿ. ದಿನಾ. ಕೈ ಒರೆಸಿಕೊಂಡು ಬರ್ತಿದ್ದೆ, ತೊಳೀತಿರಲಿಲ್ಲ. ಆ ಕಾವಲುಗಾರನನ್ನ ವಾಪಸ್ ಕರೆಸಿ. ನನ್ನನ್ನ ಬೇಕಾದ್ರೆ ಕಳಿಸಿಬಿಡಿ."

ಮೇಡಂ ಎದ್ದು ಬಂದು ಬೀಜದಕ್ಕನ ಎರಡೂ ಕೈ ಹಿಡಿದು, ತಿರುಗಿಸಿ ನೋಡಿ, "ಕಳಿಸಿದ್ರೆ ಆ ಒಂದು ಗಿಡವನ್ನ ಯಾರು ನೋಡ್ಕೋತಾರೆ?" ಅಂದರು. ಹಾಲಿನ ಉಪಾಯ ಹೇಳಿಕೊಟ್ಟದ್ದು ಅವರೇ. ಹಾಲಿನಲ್ಲಿ ಅದ್ದಿದ ಕೈಯಿಂದ ಆ ನಂಜು ಅಷ್ಟು ಸುಲಭವಾಗಿ ದಾಟದು. ಕಾವಲುಗಾರ ವಾರದೊಳಗೆ ತನ್ನ ಜಾಗಕ್ಕೆ ಮರಳಿದ. ಬೀಜದಕ್ಕ ಅವನ ಮುಂದೆ ನಿಂತು ತಪ್ಪೊಪ್ಪಿಕೊಂಡಾಗ ಅವನಿಗೇ ಇರುಸುಮುರುಸಾಗಿ, "ಬಿಡಿ ಅಕ್ಕ, ಮುಂಬಾಗಿಲಲ್ಲಿ ನೆರಳು ಚೆನ್ನಾಗಿತ್ತು," ಅಂದನಂತೆ.

ಮನೆಯಲ್ಲಿ ವಿಷಯ ಹೇಳುವುದು ಇನ್ನೂ ಕಷ್ಟವಾಯಿತು. ಮರುದಿನ ಬೆಳಗ್ಗೆ ಗಂಡ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಮೂರು ಬೆರಳಿನಲ್ಲಿ ಸುತ್ತಲು ಕೂತರು. ಕಾಗದ ಹರಿಯಿತು, ತಂಬಾಕು ಮೇಜಿನ ತುಂಬ ಚೆಲ್ಲಿತು. ಹದಿನೈದು ದಿನ ಹಟ ಹಿಡಿದು ಆಮೇಲೆ ಡಬ್ಬಿಯನ್ನೇ ಕಸಕ್ಕೆ ಹಾಕಿದರು.

"ಬುದ್ಧಿ ಬಂದು ಬಿಟ್ಟಿದ್ದಲ್ಲ, ಸುತ್ತೋಕೆ ಬರದೆ ಬಿಟ್ಟಿದ್ದು," ಎಂದು ಅವರು ಇಂದಿಗೂ ಹೇಳುತ್ತಾರೆ. ಬೀಜದಕ್ಕ ಮಾತ್ರ ಬೇರೆಯದನ್ನು ನೆನೆಯುತ್ತಾರೆ: "ಡಬ್ಬಿ ಹೋದ್ಮೇಲೆ ಬೆಳಗ್ಗೆ ಎದುರುಬದುರು ಕೂತ್ರೆ ಇಬ್ಬರಿಗೂ ಕೈ ಎಲ್ಲಿಡಬೇಕು ಗೊತ್ತಾಗ್ತಿರಲಿಲ್ಲ. ಮಾತೂ ಬರ್ತಿರಲಿಲ್ಲ."

ಇತ್ತ ಒಂದು ಗಿಡ ಉಳಿದಿತ್ತು ನಿಜ, ಆದರೆ ಒಂದೇ ಗಿಡದಿಂದ ಏನೂ ಆಗುವಂತಿರಲಿಲ್ಲ. ಈ ಕಾಡು ಪೆಟೂನಿಯದ ಸ್ವಭಾವ ಹಾಗೆ. ತನ್ನ ಕೇಸರದ ಪುಡಿ ತನ್ನ ಹೂವಿಗೇ ಬಿದ್ದರೆ ಹೂ ಅದನ್ನು ಒಲ್ಲೆ ಅನ್ನುತ್ತದೆ, ಕಾಯಿ ಕಟ್ಟುವುದಿಲ್ಲ. ಕೊಂಬೆ ಕತ್ತರಿಸಿ ನೆಟ್ಟರೆ ಗಿಡವೇನೋ ಹೆಚ್ಚುತ್ತದೆ, ಎಲ್ಲ ಅದೇ ಗಿಡದ ನಕಲು. ಒಂದು ರೋಗ ಬಂದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಮೇಡಂ ಓದಿ ತಿಳಿದಿದ್ದ ಒಂದೇ ದಾರಿಯಿತ್ತು. ಹೂ ಅರಳುವುದಕ್ಕೆ ಎರಡು ದಿನ ಮುಂಚೆ, ಮೊಗ್ಗಿಗೆ ಇನ್ನೂ ತನ್ನದು ಪರರದು ಎಂಬ ಭೇದ ತಿಳಿಯದ ಹೊತ್ತಿನಲ್ಲಿ, ಅದನ್ನು ಸೀಳಿ ಪುಡಿ ಮುಟ್ಟಿಸಬೇಕು. ಮೇಡಂ ತಾವೇ ಪ್ರಯತ್ನಿಸಿದರು. ಮೊದಲ ದಿನ ಹನ್ನೆರಡು ಮೊಗ್ಗು ಹರಿದವು. "ನನ್ನ ಕೈ ಪುಸ್ತಕದ ಕೈ, ನೀವು ಮಾಡಿ," ಎಂದು ಸೂಜಿಯನ್ನು ಬೀಜದಕ್ಕನ ಮುಂದೆ ಇಟ್ಟರು.

ಒಂಬತ್ತು ದಿನ ಅವರು ಆ ಸೂಜಿ ಮುಟ್ಟಲಿಲ್ಲ. ಅರವತ್ತಮೂರು ಗಿಡ ಕೊಂದ ಕೈ ಅದು, ಉಳಿದದ್ದರ ಮೇಲೆ ಇಡುವುದು ಹೇಗೆ? ಏಣಿ ಹಾಕಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮುಖ ಮಾತ್ರ ಹತ್ತಿರ ಒಯ್ದು ಗಿಡವನ್ನು ನೋಡಿ ಇಳಿಯುತ್ತಿದ್ದರು. ಕನಸಿನಲ್ಲಿ ಗಾಜಿನ ಮನೆಯ ತುಂಬ ಬಿಳಿ ಗೀರಿನ ಹೂಗಳೇ. ಕಡೆಗೆ ಒಂದು ದಿನ ಅತ್ತೆ ಗದರಿದರು. ಆಗಲೇ ಎಂಬತ್ತು ದಾಟಿದ್ದ ಅತ್ತೆ ಈಗ ತೊಂಬತ್ತೆರಡರಲ್ಲೂ ಬಾಯಿಗೆ ಬಿಡುವು ಕೊಟ್ಟವರಲ್ಲ. "ನೋಡಮ್ಮ, ನನ್ನ ಕಾಫಿಗೆ ಇಡೋ ಹಾಲನ್ನ ದಿನಾ ಕೈ ಅದ್ದೋಕೆ ತಗೊಂಡು ಹೋಗ್ತೀಯ. ಹೋಗಿ ಮುಟ್ಟೋದೇ ಇಲ್ಲ ಅಂದ್ರೆ ನನ್ನ ಹಾಲು ನನಗೆ ಕೊಡು."

ಆ ದಿನ ಬೀಜದಕ್ಕ ಮೂರು ಸಲ ಕೈ ತೊಳೆದು ಏಣಿ ಹತ್ತಿ ಕುಂಡ ಇಳಿಸಿದರು. ಒಂದೂವರೆ ಬೆರಳಗಲದಷ್ಟು ಉದ್ದದ ಎಳೆ ಮೊಗ್ಗು, ತುದಿಯಲ್ಲಿ ಮಾತ್ರ ನೇರಳೆಯ ಸುಳಿವು. ಸೂಜಿಮೊನೆಯಿಂದ ಉದ್ದಕ್ಕೆ ಸೀಳಿ, ಒಳಗಿನ ಐದು ಹಸಿ ಕೇಸರಗಳನ್ನು ಚಿಮಟದಲ್ಲಿ ತೆಗೆದು, ಪುಡಿ ಹಿಡಿಯುವ ನಡುವಿನ ಅಂಟು ಗುಂಡಿಗೆ ಅರಳಿದ ಹೂವಿನ ನೀಲಿಪುಡಿ ಸವರಿದರು. ಮೊಗ್ಗು ಹರಿಯಲಿಲ್ಲ. ಆ ಋತುವಿನಲ್ಲಿ ಇನ್ನೂರ ಹನ್ನೆರಡು ಮೊಗ್ಗು ಬಿಡಿಸಿದರು. ಹೆಚ್ಚಿನವು ಬಾಡಿ ಉದುರಿದವು. ಹದಿನೇಳು ಕಾಯಿ ನಿಂತವು. ನಾಲ್ಕನೆಯ ವಾರ ಮೊದಲ ಕಾಯಿ ಕಂದಾಗಿ ಬಿರಿದಾಗ ಅವರು ಬಿಳಿ ಕಾಗದದ ಮೇಲೆ ಅದನ್ನು ತಟ್ಟಿ, ಉದುರಿದ್ದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದರೋ, ಮೇಡಂ ಬಂದದ್ದು ಗೊತ್ತೇ ಆಗಲಿಲ್ಲವಂತೆ.

"ಅಷ್ಟು ವರ್ಷ ನನ್ನ ಸಿಗರೇಟು ಸುತ್ತಿ ಬೆರಳು ಪಳಗಿತ್ತು, ಅದರಲ್ಲಿ ನನ್ನ ಪಾಲೂ ಇದೆ," ಅನ್ನುವುದು ಗಂಡನ ವಾದ. ಬೀಜದಕ್ಕ ಅದನ್ನು ತಳ್ಳಿಹಾಕುವುದಿಲ್ಲ.

ಹುಟ್ಟಿದ ಮರಿಗಿಡಗಳಲ್ಲಿ ಅರ್ಧ ಬಲಹೀನ. ಉಳಿದವುಗಳಲ್ಲಿ ಕೆಲವು ಒಂದನ್ನೊಂದು ಒಪ್ಪಿದವು, ಕೆಲವು ಒಪ್ಪಲಿಲ್ಲ. ಯಾವುದು ಯಾವುದಕ್ಕೆ ಕೂಡುತ್ತದೆ ಎಂದು ಬರೆದಿಡಲು ಶುರುಮಾಡಿದ ನೋಟುಪುಸ್ತಕಗಳು ಈಗ ಒಂಬತ್ತಾಗಿವೆ. ತಿಂಗಳುಗಟ್ಟಲೆ ಸರಿ, ತಪ್ಪು ಗುರುತುಗಳ ಸಾಲು. "ಹೆಣ್ಣು ಗಂಡು ಕೂಡಿಸೋ ದಲ್ಲಾಳಿ ಕೆಲಸವೇ ಇದು. ಇದರ ಪುಡಿ ಅದು ಒಪ್ಪುತ್ತೆ, ಅದರ ಪುಡಿ ಇದು ಒಪ್ಪಲ್ಲ. ಕಾರಣ ಕೇಳಿದ್ರೆ ಹೇಳೋಕೆ ಬಾಯಿಲ್ಲ," ಎನ್ನುತ್ತಾರೆ. ಹೂ ಬಿಡುವ ಕಾಲದಲ್ಲಿ ದಿನಕ್ಕೆ ಎಪ್ಪತ್ತು ಹೂವಿಗೆ ಪುಡಿ ಮುಟ್ಟಿಸುತ್ತಾರೆ, ಪ್ರತಿಯೊಂದಕ್ಕೂ ಬಣ್ಣದ ನೂಲು ಕಟ್ಟುತ್ತಾರೆ. ಹೊರಗಿನ ಜೇನುನೊಣ ಊರಿನ ಪೆಟೂನಿಯದ ಪುಡಿ ಹೊತ್ತು ತರದಂತೆ ಕಿಟಕಿಗಳಿಗೆಲ್ಲ ಬಲೆ ಬಿಗಿದಿದೆ. ಒಂದು ನೊಣ ಒಳಗೆ ಸುಳಿದ ದಿನ ಅವರು ಮಧ್ಯಾಹ್ನದ ಊಟ ಬಿಟ್ಟು ಅದರ ಹಿಂದೆ ಓಡಾಡುತ್ತಾರೆ.

ಬೀಜಕ್ಕೆ ಪೊಟ್ಟಣ ಬೇಕಲ್ಲ. ಅಂಟು ಹಾಕುವಂತಿಲ್ಲ, ಬೀಜ ಅದಕ್ಕೇ ಅಂಟಿಕೊಳ್ಳುತ್ತದೆ. ಒಂದು ದಿನ ಬೀಜದಕ್ಕ ಮನೆಯಲ್ಲಿ ಕಾಗದ ಮಡಚಲು ಒದ್ದಾಡುತ್ತಿದ್ದಾಗ ಗಂಡ ಹಾಳೆಯನ್ನು ಎಳೆದುಕೊಂಡು, ಮುದ್ರಣಾಲಯದ ಹಳೆಯ ವರಸೆಯಲ್ಲಿ, ಮೂರು ಬೆರಳಿನಲ್ಲೇ ಐದು ಮಡಿಕೆ ಹಾಕಿ ಮುಂದಿಟ್ಟರು. ತಲೆಕೆಳಗೆ ಮಾಡಿ ಕೊಡವಿದರೂ ಒಂದು ಬೀಜ ಜಾರಲಿಲ್ಲ. ಅಂದಿನಿಂದ ಬೆಳಗಿನ ಕಾಲು ಗಂಟೆ ಮತ್ತೆ ತುಂಬಿದೆ. ಅವರು ಮಡಚುತ್ತಾರೆ, ಇವರು ಮೇಲೆ ಅಂಕಿ ಬರೆಯುತ್ತಾರೆ, ಅತ್ತೆ ಪಕ್ಕದಲ್ಲಿ ಕೂತು ತಿನ್ನಲು ಬಾರದ ಗಿಡಕ್ಕೆ ಇಷ್ಟು ಸೇವೆ ಯಾಕೆಂದು ಕೇಳುತ್ತಾರೆ.

ನಾಲ್ಕು ವರ್ಷಗಳ ಹಿಂದೆ ಮೇಡಂ ಈ ಕೆಲಸದ ಬಗ್ಗೆ ಒಂದು ಪ್ರಬಂಧ ಬರೆದರು. ಕೊನೆಯ ಪುಟದಲ್ಲಿ 'ಉದ್ಯಾನದ ಸಿಬ್ಬಂದಿಗೆ ಕೃತಜ್ಞತೆ' ಎಂದು ಒಂದು ಸಾಲಿದೆ. ಮೇಡಂ ಹೆಸರು ಹಾಕಿಯೇ ಕಳಿಸಿದ್ದರಂತೆ; ಅಚ್ಚಿನವರು ಉದ್ದವಾಯಿತೆಂದು ಸಾಲನ್ನು ಮೊಟಕು ಮಾಡಿದರು. ಮೇಡಂ ಇನ್ನೂ ಅದಕ್ಕಾಗಿ ಕೊರಗುತ್ತಾರೆ. ಬೀಜದಕ್ಕನಿಗೆ ಆ ಪ್ರಬಂಧದಲ್ಲಿ ಇಷ್ಟವಾದದ್ದು ಹೂವಿನ ಚಿತ್ರ. "ಗಂಟಲ ಬಣ್ಣ ಸರಿಯಾಗಿ ಬಂದಿದೆ," ಎಂದು ತೋರಿಸುತ್ತಾರೆ.

ಈ ವರ್ಷದ ಆರಂಭದಲ್ಲಿ ಆ ಪ್ರಬಂಧ ಓದಿದವರಿಂದ ಒಂದು ಪತ್ರ ಬಂತು. ಅಣೆಕಟ್ಟಿನ ಆ ದೇಶದವರದು. ನೀರಿನ ಮಟ್ಟಕ್ಕಿಂತ ಮೇಲೆ ಅದೇ ಕಲ್ಲಿನ, ಅದೇ ಮರಳಿನ ಒಂದು ಇಳಿಜಾರಿದೆ, ಅಲ್ಲಿ ಬಿತ್ತಿ ನೋಡುತ್ತೇವೆ, ಬೀಜ ಕಳಿಸುತ್ತೀರಾ ಎಂದು ಕೇಳಿದ್ದರು. ಬೀಜದಕ್ಕ ಮೂರು ತಿಂಗಳು ಕೂತು ಅತ್ಯಂತ ಗಟ್ಟಿ ಗಿಡಗಳ ಕಾಯಿಗಳನ್ನು ಆರಿಸಿದರು. ಎರಡು ಗ್ರಾಂ ಬೀಜ, ನಲವತ್ತು ಪೊಟ್ಟಣಗಳಲ್ಲಿ. ಕಳೆದ ತಿಂಗಳು ಪೆಟ್ಟಿಗೆ ಹೊರಟಿತು. ಅಲ್ಲಿ ಮಳೆ ಶುರುವಾದ ಮೇಲೆ ಬಿತ್ತುತ್ತಾರಂತೆ.

ಇನ್ನೆರಡು ವರ್ಷಕ್ಕೆ ಬೀಜದಕ್ಕನ ನಿವೃತ್ತಿ. ಹೊರಡುವ ಮುಂಚೆ ಏನಾದರೂ ಆಸೆ ಉಳಿದಿದೆಯೇ ಎಂದರೆ, ಕೈಯಲ್ಲಿದ್ದ ಹೂವಿಗೆ ನೂಲು ಕಟ್ಟಿ ಮುಗಿಸಿಯೇ ಮಾತಾಡುತ್ತಾರೆ.

"ಅಲ್ಲಿಗೆ ಹೋಗೋ ಆಸೆಯೆಲ್ಲ ಇಲ್ಲ. ಅಷ್ಟು ದೂರ, ಅತ್ತೆಯನ್ನ ಬಿಟ್ಟು ಹೇಗೆ ಹೋಗಲಿ? ಅಲ್ಲಿಯವರಿಗೆ, ಹೂ ಬಿಟ್ಟ ಮೇಲೆ ಒಂದು ಫೋಟೊ ಕಳಿಸಿ ಅಂತ ಮೇಡಂ ಕೈಲಿ ಬರೆಸಿದ್ದೀನಿ. ಮೂವತ್ತೊಂದು ವರ್ಷದಿಂದ ಈ ಹೂವನ್ನ ಕುಂಡದಲ್ಲೇ ನೋಡಿದ್ದೀನಿ. ಕುಂಡ ಇಲ್ಲದ್ದು ಒಂದು ಫೋಟೊ ಸಾಕು."